ಆನೆ ಯಾರ ಕಡೆಯದು?

ನಾವು ಪ್ರೈಮರಿ ಓದಿದ್ದು ಉರ್ದು ಶಾಲೆಯಲ್ಲಿ. ಹೈಸ್ಕೂಲು ಕನ್ನಡದಲ್ಲಿ. ಉರ್ದು ಶಾಲೆಯ ಒಬ್ಬ ಉಸ್ತಾದರು ಮಳೆಗಾಲದ ಮಧ್ಯಾಹ್ನಗಳಲ್ಲಿ ನಮಗೆ ಶತ್ರಂಜ್ ಹೇಳಿಕೊಟ್ಟಿದ್ದರು. ಬಾದಶಹನ ಪಕ್ಕ ವಜೀರ, ಅವರ ಅಕ್ಕಪಕ್ಕ ಫೀಲ್, ಆಮೇಲೆ ಘೋಡಾ, ಮೂಲೆಯಲ್ಲಿ ರುಖ್. ಫೀಲ್ ಎಂದರೆ ಆನೆ. ಅದು ಓರೆಯಾಗಿ ನಡೆಯುತ್ತದೆ ಎಂದು ಕಲಿತಿದ್ದೆವು. ಕನ್ನಡ ಹೈಸ್ಕೂಲಿಗೆ ಹೋದ ಮೇಲೆ ನೋಡಿದರೆ ಆನೆ ಮೂಲೆಗೆ ಹೋಗಿ ಕುಳಿತಿತ್ತು, ನೆಟ್ಟಗೆ ನಡೆಯುತ್ತಿತ್ತು. ನಮ್ಮ ಆನೆ ನಿಂತಿದ್ದ ಜಾಗದಲ್ಲಿ ಒಂಟೆ ಬಂದು ನಿಂತಿತ್ತು. ಗೆಳೆಯ 'ಆನೆ ನಡೆಸು' ಎಂದರೆ ನಾವು ಓರೆ ನಡೆಯುವ ಕಾಯಿಗೆ ಕೈ ಹಾಕುತ್ತಿದ್ದೆವು. ಎಲ್ಲರೂ ನಗುತ್ತಿದ್ದರು. ಒಂದೇ ಮಣೆ, ಒಂದೇ ಅರವತ್ನಾಲ್ಕು ಮನೆ, ಆದರೆ ಆನೆ ಯಾವ ಕಡೆಗೆ ನಡೆಯುತ್ತದೆ ಎಂಬುದು ಯಾವ ಶಾಲೆಯಲ್ಲಿ ಓದಿದ್ದೀರಿ ಎಂಬುದರ ಮೇಲೆ ನಿಂತಿತ್ತು.

ಈ ಹಳೆಯ ನೆನಪು ಮತ್ತೆ ಕೆದಕಿದ್ದು ಇಚಿಲಂಪಾಡಿಯಲ್ಲಿ. ಮೊದಲು ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿರುವ ಈ ಊರಿಗೆ ನಮ್ಮ ಅಕ್ಕನನ್ನು ಕೊಟ್ಟಿದೆ. ಅಡಿಕೆ ತೋಟ, ರಬ್ಬರ್ ತೋಟ, ಕೆಳಗೆ ಗುಂಡ್ಯ ಹೊಳೆ. ಆಟಿ ತಿಂಗಳ ಒಂದು ಶನಿವಾರ ಹೋಗಿದ್ದೆವು. ಆಟಿ ಎಂದರೆ ತುಳುನಾಡಿನಲ್ಲಿ ಕೆಲಸವಿಲ್ಲದ ತಿಂಗಳು. ಜಗಲಿಯಲ್ಲಿ ಚೆನ್ನೆಮಣೆ ಇಟ್ಟು ಆಡುವ ಕಾಲ. ಅಕ್ಕನ ಮನೆಯ ಜಗಲಿಯಲ್ಲಿ ಆ ದಿನ ಇದ್ದದ್ದು ಚೆನ್ನೆಮಣೆಯಲ್ಲ. ಇಂಗ್ಲೆಂಡಿನಲ್ಲಿ ಓದಿ, ರಜೆಯಲ್ಲಿ ಬಂದಿದ್ದ ದೊಡ್ಡ ಮಗ ಒಂದು ಹಸಿರು ಬಟ್ಟೆ ಹಾಸಿ, ಅದರ ಮೇಲೆ ಬೆರಳಿನ ತುದಿಯಷ್ಟು ದೊಡ್ಡ ಲೋಹದ ಸೈನಿಕರನ್ನು ಸಾಲಾಗಿ ನಿಲ್ಲಿಸುತ್ತಿದ್ದ.

ಅಲ್ಲಿ ಇದೊಂದು ದೊಡ್ಡ ಹವ್ಯಾಸವಂತೆ. ಹದಿನೈದು ಮಿಲಿಮೀಟರ್ ಎತ್ತರದ ಗೊಂಬೆಗಳನ್ನು ಕೊಂಡು, ಭೂತಗನ್ನಡಿ ಹಿಡಿದು, ಒಂದೊಂದಕ್ಕೂ ಬಣ್ಣ ಹಚ್ಚಿ, ನಾಲ್ಕು ಸೆಂಟಿಮೀಟರ್ ಅಗಲದ ಬಿಲ್ಲೆಗಳಿಗೆ ಅಂಟಿಸಿ, ಶನಿವಾರ ಭಾನುವಾರಗಳಲ್ಲಿ ಊರಿಂದೂರಿಗೆ ಹೋಗಿ ಪಂದ್ಯ ಆಡುತ್ತಾರೆ. ಒಬ್ಬನದು ರೋಮಿನ ಸೈನ್ಯ, ಇನ್ನೊಬ್ಬನದು ಈಜಿಪ್ಟಿನ ಫರೋಹನದು, ಮತ್ತೊಬ್ಬನದು ಚೀನಾದ್ದು. ಪ್ರಾಚೀನ ಕಾಲದ ಯುದ್ಧಗಳನ್ನೇ ಅಭ್ಯಾಸ ಮಾಡುವ 'ಸೊಸೈಟಿ ಆಫ್ ಏನ್ಷಂಟ್ಸ್' ಎಂಬ ಸಂಘ ಬ್ರಿಟನ್ನಿನಲ್ಲಿ 1965ರಲ್ಲಿ ಹುಟ್ಟಿತು. 1990ರಲ್ಲಿ ಫಿಲ್ ಬಾರ್ಕರ್ ಮತ್ತು ಅವರ ಸಂಗಡಿಗರು 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್' ಎಂಬ ಲ್ಯಾಟಿನ್ ಹೆಸರಿನ ಚಿಕ್ಕ ನಿಯಮ ಪುಸ್ತಕವನ್ನು ತಂದರು. ಹೆಸರಿನ ಅರ್ಥ 'ಪ್ರಾಚೀನ ಕಾಲದ ಯುದ್ಧಗಳ ಕುರಿತು'. ಒಂದೊಂದು ಸೈನ್ಯಕ್ಕೆ ಬರೀ ಹನ್ನೆರಡು ದಳ. ಪ್ರತಿ ಸರದಿಗೂ ದಾಳ ಹಾಕಬೇಕು. ಬಿದ್ದ ಸಂಖ್ಯೆಯಷ್ಟೇ ಆಜ್ಞೆ ಕೊಡಬಹುದು. ನಾಲ್ಕು ದಳ ಕಳೆದುಕೊಂಡು, ಆ ನಷ್ಟ ಎದುರಾಳಿಯದಕ್ಕಿಂತ ಹೆಚ್ಚಾಗಿದ್ದರೆ ಸೋಲು. ಒಂದು ಗಂಟೆಯೊಳಗೆ ಒಂದು ಸಾಮ್ರಾಜ್ಯ ಮುಗಿಯುತ್ತದೆ. ಆ ಪುಸ್ತಕದ ಸೈನ್ಯಗಳ ಪಟ್ಟಿಯಲ್ಲಿ ಪ್ರಾಚೀನ ಭಾರತದ ಸೈನ್ಯವೂ ಇದೆ.

ಹುಡುಗ ನಾಲ್ಕು ಸೈನ್ಯ ತಂದಿದ್ದ: ಅಲೆಕ್ಸಾಂಡರನದು, ಪರ್ಶಿಯದ್ದು, ಆಫ್ರಿಕದ ಕಾರ್ಥೇಜಿನ ಹ್ಯಾನಿಬಲ್‌ನದು, ಮತ್ತು ಝೇಲಂ ನದಿಯ ದಂಡೆಯ ಪೋರಸ್‌ನದು. ಆಡುವವರೂ ನಾಲ್ವರು. ಅವನು, ನಾವು, ಪಕ್ಕದ ರಬ್ಬರ್ ತೋಟದ ಅಣ್ಣ, ಮತ್ತು ತಾಳಮದ್ದಳೆಯಲ್ಲಿ ಅರ್ಥ ಹೇಳುವ ಒಬ್ಬ ನಿವೃತ್ತ ಮಾಸ್ಟ್ರು. ಎಲ್ಲರೂ ಎಲ್ಲರೊಡನೆ ಒಂದೊಂದು ಆಟ. ಎರಡು ದಿನಕ್ಕೆ ಆರು ಆಟ. ಬಹುಮಾನ ಅಕ್ಕ ಹುರಿದುಕೊಡುವ ಹಲಸಿನ ಹಪ್ಪಳ.

ಆರಂಭದಲ್ಲೇ ಅಕ್ಕನ ತಕರಾರು ಬಂತು. 'ಗೊಂಬೆಗಳನ್ನು ನಮಾಜಿನ ಕೋಣೆಗೆ ತರಬೇಡಿ, ಜಗಲಿಯಲ್ಲೇ ಇರಲಿ' ಎಂದಳು. ಹುಡುಗ ನಕ್ಕ. ನಾವು ನಗಲಿಲ್ಲ. ಏಕೆಂದರೆ ಚದುರಂಗದ ಅರ್ಧ ಚರಿತ್ರೆ ಅಕ್ಕನ ಆ ಒಂದು ಮಾತಿನಲ್ಲಿದೆ.

ಚದುರಂಗ ಎಂದರೆ ಚತುರಂಗ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೈನ್ಯ. ಮಾಸ್ಟ್ರು ಆ ಲೆಕ್ಕವನ್ನು ಬಾಯಿಪಾಠ ಹೇಳಿದರು. ಒಂದು ಅಕ್ಷೌಹಿಣಿ ಎಂದರೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಕುರುಕ್ಷೇತ್ರದಲ್ಲಿ ಕೌರವರ ಕಡೆ ಹನ್ನೊಂದು, ಪಾಂಡವರ ಕಡೆ ಏಳು. ಈ ಮಹಾಸೈನ್ಯವನ್ನು ಯಾರೋ ಒಂದು ಮಣೆಯ ಮೇಲೆ ಇಳಿಸಿದರು. ಹಾಗೆ ನೋಡಿದರೆ ಇಂಗ್ಲೆಂಡಿನವರು ಈಗ ಆಡುತ್ತಿರುವ ಆಟದ ಮುತ್ತಜ್ಜ ನಮ್ಮ ಚದುರಂಗವೇ. 7ನೇ ಶತಮಾನದ ಬಾಣಭಟ್ಟ 'ಹರ್ಷಚರಿತ'ದಲ್ಲಿ ತನ್ನ ರಾಜನ ಆಳ್ವಿಕೆಯನ್ನು ಹೊಗಳುವಾಗ, ಆಗ ಚತುರಂಗದ ಜೋಡಣೆ ಕಾಣುತ್ತಿದ್ದುದು ಆಟದ ಮಣೆಯ ಮೇಲೆ ಮಾತ್ರ ಎಂಬ ಅರ್ಥದಲ್ಲಿ ಶ್ಲೇಷೆ ಮಾಡುತ್ತಾನೆ. ಯುದ್ಧ ಮಣೆಯ ಮೇಲಷ್ಟೇ ಉಳಿದು ನೆಲದ ಮೇಲೆ ಇಲ್ಲದಿರುವುದೇ ಒಳ್ಳೆಯ ರಾಜ್ಯದ ಗುರುತು ಎಂದು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಒಬ್ಬ ಕವಿಗೆ ತೋರಿತ್ತು. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನೂ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ'ದಲ್ಲಿ ರಾಜನ ವಿನೋದಗಳ ನಡುವೆ ಚದುರಂಗಕ್ಕೆ ಜಾಗ ಕೊಟ್ಟಿದ್ದಾನೆ.

ಈ ಆಟ ಇರಾನಿಗೆ ಹೋಗಿ ಚತ್ರಂಗ್ ಆಯಿತು. ಅರಬರ ಬಾಯಲ್ಲಿ ಶತ್ರಂಜ್ ಆಯಿತು. ಬಗ್ದಾದಿನ ಅಬ್ಬಾಸಿ ಖಲೀಫರ ಕಾಲದಲ್ಲಿ ಅಲ್-ಅದ್ಲಿ, ಅಸ್-ಸೂಲಿ ಮೊದಲಾದ ಮಹಾ ಆಟಗಾರರು ಅದರ ಮೇಲೆ ಗ್ರಂಥಗಳನ್ನೇ ಬರೆದರು. ಆಡಬಹುದೇ ಕೂಡದೇ ಎಂಬ ಚರ್ಚೆಯೂ ಜೊತೆಗೇ ನಡೆಯಿತು. ಜೂಜು ಇದ್ದರೆ ಕೂಡದು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಜೂಜಿಲ್ಲದೆ, ನಮಾಜು ತಪ್ಪದೆ ಆಡಿದರೆ ಅದು ಹರಾಮ್ ಅಲ್ಲ, ಮಕ್ರೂಹ್ ಅಷ್ಟೇ ಎಂಬುದು ಶಾಫಿಈ ವಿದ್ವಾಂಸರ ಸಾಮಾನ್ಯ ನಿಲುವು. ಹನಫಿ ವಿದ್ವಾಂಸರು ಇನ್ನಷ್ಟು ಬಿಗಿ. ಆಟ ಮಾತ್ರ ಈ ಎರಡರ ನಡುವೆ ದಾರಿ ಮಾಡಿಕೊಂಡು ಮುಂದೆ ನಡೆಯಿತು. ಪ್ರಾಣಿ, ಮನುಷ್ಯರ ಆಕೃತಿಯ ಕಾಯಿಗಳ ಬಗ್ಗೆ ಅಕ್ಕನಿಗೆ ಇದ್ದ ಅಳುಕು ಅಂದಿನವರಿಗೂ ಇತ್ತು. ಹಾಗಾಗಿ ಕಾಯಿಗಳು ಕಣ್ಣು ಮೂಗು ಕಳೆದುಕೊಂಡು ಬರಿಯ ಗುಂಡು, ಮೊನಚು, ಕೊಂಬುಗಳಾದವು. ಇರಾನಿನ ನಿಶಾಪುರದಲ್ಲಿ ಸಿಕ್ಕ 12ನೇ ಶತಮಾನದ ಅಂಥ ಒಂದು ಸೆಟ್ಟು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಆನೆಯ ಗುರುತಾಗಿ ಎರಡು ಚಿಕ್ಕ ದಂತಗಳಷ್ಟೇ ಉಳಿದವು. ಆ ಕಾಯಿ ಯುರೋಪಿಗೆ ಹೋದಾಗ ಅಲ್ಲಿನವರಿಗೆ ಅದು ಆನೆ ಎಂದು ತಿಳಿಯಲೇ ಇಲ್ಲ. ಇಂಗ್ಲಿಷರಿಗೆ ಆ ಎರಡು ತುದಿ ಪಾದ್ರಿಯ ಟೋಪಿಯಂತೆ ಕಂಡು ಅದು ಬಿಷಪ್ ಆಯಿತು. ಸ್ಪೇನಿನವರು ಅರಬಿ ಹೆಸರನ್ನೇ ಇಟ್ಟುಕೊಂಡು ಇಂದಿಗೂ ಅಲ್ಫಿಲ್ ಎನ್ನುತ್ತಾರೆ. ವಜೀರ ಅಲ್ಲಿ ರಾಣಿಯಾದ. ನಾವು ಹೈಸ್ಕೂಲಿನಲ್ಲಿ ಪಟ್ಟ ಗೊಂದಲ ಸಾವಿರ ವರ್ಷದ ಪ್ರಯಾಣದ ಒಂದು ಸಣ್ಣ ತುಣುಕು ಎಂದು ಈಗ ಅನ್ನಿಸುತ್ತದೆ.

ಮಣೆಯಿಂದ ಮತ್ತೆ ಯುದ್ಧಭೂಮಿಗೆ ಆಟವನ್ನು ಎಳೆದುಕೊಂಡು ಹೋದವರು ಜರ್ಮನರು. 1780ರಲ್ಲಿ ಹೆಲ್ವಿಗ್ ಎಂಬಾತ ಚದುರಂಗವನ್ನೇ ಹಿಗ್ಗಿಸಿ, ಸಾವಿರಕ್ಕೂ ಹೆಚ್ಚು ಮನೆಗಳ ಮಣೆಯ ಮೇಲೆ ಬೆಟ್ಟ, ನದಿಗಳನ್ನೂ ತಂದ. 1824ರಲ್ಲಿ ರೈಸ್ವಿಟ್ಜ್ ಎಂಬ ಅಧಿಕಾರಿಯ 'ಕ್ರೀಗ್‌ಸ್ಪೀಲ್' ಪ್ರಷ್ಯದ ಸೈನ್ಯದಲ್ಲಿ ಪಾಠವೇ ಆಯಿತು. 1913ರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ತಗಡಿನ ಸೈನಿಕರ ಆಟಕ್ಕೆ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದ. ಈ ಚಿಕ್ಕ ಯುದ್ಧದಲ್ಲೇ ಇಷ್ಟು ಎಡವಟ್ಟುಗಳಾದರೆ ನಿಜವಾದ ಯುದ್ಧ ಎಂಥ ಮೂರ್ಖತನವಾಗಿರಬೇಕು ಎಂಬುದು ಅದರ ಕೊನೆಯಲ್ಲಿ ಅವನ ವಾದ. ಮರುವರ್ಷವೇ ಮೊದಲನೆಯ ಮಹಾಯುದ್ಧ ಶುರುವಾಯಿತು.

ಇನ್ನು ನಮ್ಮ ಪಂದ್ಯ. ಪೋರಸ್ ನಮ್ಮ ಪಾಲಿಗೆ ಬಂದ. ಎದುರಿಗೆ ಅಲೆಕ್ಸಾಂಡರನಾಗಿ ಅಕ್ಕನ ದೊಡ್ಡ ಮಗ.

ಕ್ರಿ.ಪೂ. 326ರ ಆ ಯುದ್ಧವನ್ನು ವರ್ಣಿಸಿದವರು ಗ್ರೀಕರು ಮತ್ತು ರೋಮನರು. ಪೋರಸ್‌ನ ಬಳಿ ಸುಮಾರು 30,000 ಕಾಲಾಳು, 4,000 ಕುದುರೆ, 300 ರಥ, 200 ಆನೆ ಇದ್ದವು ಎಂದು ಅರ್ರಿಯನ್ ಬರೆಯುತ್ತಾನೆ. ಮಳೆ ಸುರಿದಿತ್ತು. ಅಲೆಕ್ಸಾಂಡರ್ ರಾತ್ರಿ ಮಳೆಯ ಮರೆಯಲ್ಲೇ ನದಿ ದಾಟಿದ. ತಡೆಯಲು ಹೋದ ಪೋರಸ್‌ನ ಮಗನ 120 ರಥಗಳು ಕೆಸರಿನಲ್ಲಿ ಹೂತುಹೋದವು, ಮಗನೂ ಸತ್ತ. ನಮ್ಮ ಬಿಲ್ಲಾಳುಗಳ ಬಿಲ್ಲು ಆಳೆತ್ತರದ್ದು. ತುದಿಯನ್ನು ನೆಲಕ್ಕೂರಿ ಕಾಲಲ್ಲಿ ಒತ್ತಿ ಎಳೆಯಬೇಕು. ಜಾರುವ ನೆಲದಲ್ಲಿ ಆ ಬಿಲ್ಲು ನಿಲ್ಲಲಿಲ್ಲ ಎಂದು ಕರ್ಟಿಯಸ್ ಹೇಳುತ್ತಾನೆ. ಇಚಿಲಂಪಾಡಿಯ ಅಂಗಳದಲ್ಲಿ ಮಳೆ ಹೊಯ್ಯುತ್ತಿರುವಾಗ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜಾರಿ ಬೀಳದೆ ಬಚ್ಚಲಿಗೆ ಹೋಗಿಬರುವುದೇ ಅಲ್ಲೊಂದು ಯುದ್ಧ.

ನಾವು ಆನೆಗಳನ್ನು ಮುಂದಿಟ್ಟೆವು, ಬೆನ್ನಿಗೇ ಬಿಲ್ಲಾಳುಗಳನ್ನು. 'ಹಾಗೆ ಇಡಬೇಡಿ ಮಾರಾಯ್ರೇ' ಎಂದರು ರಬ್ಬರ್ ತೋಟದ ಅಣ್ಣ. ನಾವು ಕೇಳಲಿಲ್ಲ. ಎರಡು ಸರದಿ ಆನೆಗಳು ಚೆನ್ನಾಗಿಯೇ ನುಗ್ಗಿದವು. ಮೂರನೆಯದರಲ್ಲಿ ನಮ್ಮ ದಾಳಕ್ಕೆ ಒಂದು ಬಿತ್ತು, ಅವನದಕ್ಕೆ ಆರು. ಆನೆ ಹಿಂದಕ್ಕೆ ತಿರುಗಿತು. ಹಿಂಜರಿಯುವ ಆನೆಗೆ ಅಡ್ಡ ಸಿಕ್ಕವರು, ಸ್ವಂತದವರಾದರೂ, ನಾಶ ಎಂಬುದು ನಿಯಮ. ನಮ್ಮ ಬಿಲ್ಲಾಳುಗಳನ್ನು ನಮ್ಮ ಆನೆಯೇ ತುಳಿಯಿತು. ಝೇಲಂನಲ್ಲಿ ನಡೆದದ್ದೂ ಅದೇ. ಮಾವುತರು ಸತ್ತು, ಗಾಯಗೊಂಡ ಆನೆಗಳು ಶತ್ರು ಮಿತ್ರ ಎನ್ನದೆ ತುಳಿದವು ಎಂದು ಅರ್ರಿಯನ್ ಬರೆದಿದ್ದಾನೆ.

ಅಣ್ಣ ತಮಾಷೆ ಮಾಡಲಿಲ್ಲ. ಅವರ ತೋಟಕ್ಕೂ ಕಾಡಾನೆ ಬಂದಿದ್ದುಂಟು. 'ಗರ್ನಾಲು ಹೊಡೆದೆವು. ಅದು ಬಂದ ದಾರಿಯಲ್ಲಿ ಹೋಗಲಿಲ್ಲ. ನಾವಿದ್ದ ಕಡೆಗೇ ತಿರುಗಿತು. ಓಡಿ ಬದುಕಿದೆವು. ಆನೆಗೆ ಕಡೆ ಅಂತ ಇಲ್ಲ ಸಾಹೇಬ್ರೇ, ಅದಕ್ಕೆ ಹೆದರಿಕೆ ಮಾತ್ರ ಇರುವುದು' ಎಂದರು. ಜಗಲಿ ಒಂದು ಕ್ಷಣ ಸುಮ್ಮನಾಯಿತು. 2023ರ ಫೆಬ್ರವರಿಯಲ್ಲಿ ಇದೇ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆ ಒಂದೇ ಬೆಳಿಗ್ಗೆ ಇಬ್ಬರ ಪ್ರಾಣ ತೆಗೆದದ್ದನ್ನು ಇಲ್ಲಿನವರು ಮರೆತಿಲ್ಲ. ಗ್ರೀಕರ ಗ್ರಂಥದಲ್ಲಿ ನಾವು ಓದಿದ್ದನ್ನು ಆ ಅಣ್ಣ ತಮ್ಮ ತೋಟದಲ್ಲಿ ಕಂಡಿದ್ದರು.

ನಾವು ಸೋತ ಮೇಲೆ ಅಕ್ಕನ ಚಿಕ್ಕ ಮಗ, ಹನ್ನೆರಡು ವರ್ಷದವನು, ಹತ್ತಿರ ಬಂದು ಮೆಲ್ಲಗೆ ಕೇಳಿದ: 'ಮಾಮು, ಇದರಲ್ಲಿ ನಮ್ಮ ಸೈನ್ಯ ಯಾವುದು?'

'ಪೋರಸ್‌ನದು. ನಮ್ಮ ದೇಶದ್ದು' ಎಂದೆವು.

'ಅದಲ್ಲ ಮಾಮು. ನಮ್ಮದು, ನಮ್ಮವರದು' ಎಂದ.

ಕೇಳಿದಾಗ ಗೊತ್ತಾಯಿತು. ಸಮಾಜ ಪಾಠ ನಡೆಯುವಾಗ ಹಿಂದಿನ ಬೆಂಚಿನ ಹುಡುಗರು ರಾಜರನ್ನು ಹಂಚಿಕೊಳ್ಳುತ್ತಾರಂತೆ. ಈತ ನಮ್ಮ ಪಾರ್ಟಿ, ಆತ ನಿಮ್ಮ ಪಾರ್ಟಿ. ನಮ್ಮ ಹುಡುಗನ ಪಾಲಿಗೆ ಬಂದ ರಾಜ ಸೋತ ದಿನ ಅವನನ್ನು ಆಡಿಕೊಂಡರಂತೆ. ಗೆದ್ದ ದಿನ ಇನ್ನೂ ಹೆಚ್ಚು ಸಿಟ್ಟಿನಿಂದ ನೋಡಿದರಂತೆ. ಹನ್ನೆರಡು ವರ್ಷದ ಮಗು ಸತ್ತು ನೂರಾರು ವರ್ಷವಾದ ದೊರೆಗಳ ಪರವಾಗಿ ಪ್ರತಿ ಪೀರಿಯಡ್ಡಿನಲ್ಲೂ ಜವಾಬು ಕೊಡಬೇಕು. ಇದು ಆ ಶಾಲೆಯೊಂದರ ಕತೆಯೇನೂ ಅಲ್ಲ. ದೊಡ್ಡವರು ಹೊರಗೆ ಆಡುವ ಆಟವನ್ನೇ ಮಕ್ಕಳು ಒಳಗೆ ಆಡುತ್ತಿದ್ದಾರೆ.

ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಹೇಳಿದೆವು. ಝೇಲಂನಲ್ಲಿ ಪೋರಸ್‌ನ ವಿರುದ್ಧ ಅಲೆಕ್ಸಾಂಡರನ ಸೈನ್ಯದಲ್ಲಿ ತಕ್ಷಶಿಲೆಯ ಕಡೆಯ 5,000 ಭಾರತೀಯರೂ ಇದ್ದರು. ಅಂದರೆ ಎರಡೂ ಕಡೆ ನಮ್ಮವರೇ. ಘಜ್ನಿಯ ಮಹಮೂದನ ಮಗ ಮಸೂದನ ಬಳಿ ತಿಲಕನೆಂಬ ಹಿಂದೂ ದಂಡನಾಯಕನಿದ್ದ. ಇನ್ನು ನಮ್ಮ ಕರ್ನಾಟಕ. ವಿಜಯನಗರದ ಎರಡನೇ ದೇವರಾಯ ಬಹಮನಿಗಳ ಎದುರು ಸೋಲುಂಡ ಮೇಲೆ ಮುಸ್ಲಿಂ ಸವಾರರನ್ನೂ ಬಿಲ್ಲುಗಾರರನ್ನೂ ತನ್ನ ಸೈನ್ಯಕ್ಕೆ ಸೇರಿಸಿಕೊಂಡ. ಅವರು ಸಲಾಮು ಮಾಡಲು ಮುಜುಗರಪಡಬಾರದೆಂದು ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದ ಎಂದು ಇತಿಹಾಸಕಾರ ಫಿರಿಶ್ತಾ ಬರೆಯುತ್ತಾನೆ. ಆ ರಾಜನ ಕಾಲದಲ್ಲೇ, 1439ರಲ್ಲಿ, ಅಹಮದ್ ಖಾನ್ ಎಂಬ ಅಧಿಕಾರಿ ಕಟ್ಟಿಸಿದ ಕಟ್ಟಡ ಹಂಪಿಯಲ್ಲಿ ಇಂದಿಗೂ ನಿಂತಿದೆ. ಹಿಂದಿನ ಬೆಂಚಿನವರ ಲೆಕ್ಕದಲ್ಲಿ ಅಹಮದ್ ಖಾನ್ ಯಾವ ಪಾರ್ಟಿ? ದೇವರಾಯ ಯಾವ ಪಾರ್ಟಿ?

ಮಾಸ್ಟ್ರು ಮಧ್ಯೆ ಬಾಯಿ ಹಾಕಿದರು. 'ಮಗಾ, ನಾನು ಒಂದು ರಾತ್ರಿ ಕರ್ಣನ ಅರ್ಥ ಹೇಳುತ್ತೇನೆ, ಮರುರಾತ್ರಿ ಅರ್ಜುನನದು. ಎರಡು ದಿನವೂ ಸತ್ಯವನ್ನೇ ಹೇಳಬೇಕು. ಇಲ್ಲದಿದ್ದರೆ ಸಭೆ ಒಪ್ಪುವುದಿಲ್ಲ.' ಹುಡುಗ ಅವರ ಮುಖ ನೋಡಿದ. ನಮಗೂ ಅದಕ್ಕಿಂತ ಹೆಚ್ಚಿನ ಪಾಠ ಹೇಳಲು ತೋಚಲಿಲ್ಲ.

ಸೈನ್ಯವನ್ನೇ ಕಳೆದುಕೊಂಡವರೂ ಈ ಆಟವನ್ನು ಆಡಿದ್ದಾರೆ. 1799ರಲ್ಲಿ ಟಿಪ್ಪು ಸುಲ್ತಾನರು ರಣರಂಗದಲ್ಲಿ ಮಡಿದ ಮೇಲೆ ಕಂಪನಿಯವರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನ ಗದ್ದುಗೆಗೆ ಕೂರಿಸಿದರು. 1831ರಲ್ಲಿ ಆಡಳಿತವನ್ನೂ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಆ ದೊರೆಗೆ ಅಧಿಕಾರ ಮರಳಿ ಬರಲಿಲ್ಲ. ಅರಮನೆಯಲ್ಲಿ ಅವರು ಬಗೆಬಗೆಯ ಮಣೆಯಾಟಗಳನ್ನು ಕಟ್ಟಿದರು. ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಬಂಧಗಳನ್ನು ರಚಿಸಿದರು. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಆಟಗಳಿಗೆಂದೇ 'ಕೌತುಕ ನಿಧಿ' ಇದೆ. ನೆಲದ ಮೇಲೆ ಒಂದು ಕುದುರೆ ದಳವನ್ನೂ ಸ್ವಂತ ಇಚ್ಛೆಯಿಂದ ನಡೆಸಲಾಗದ ದೊರೆ ಮಣೆಯ ಮೇಲೆ ಕುದುರೆಗೆ ಪೂರ್ತಿ ಲೋಕವನ್ನು ಸುತ್ತಿಸಿದರು. 1856ರಲ್ಲಿ ಅವಧದ ವಾಜಿದ್ ಅಲಿ ಶಾಹನ ರಾಜ್ಯವೂ ಹೋಯಿತು. ಆ ದಿನಗಳ ಮೇಲೆ ಪ್ರೇಮಚಂದರು 1924ರಲ್ಲಿ ಶತ್ರಂಜ್ ಆಟಗಾರರ ಕತೆ ಬರೆದರು. ರಾಜ್ಯ ಹೋಗುವಾಗ ಕತ್ತಿ ಎತ್ತದ ಇಬ್ಬರು ಜಹಗೀರುದಾರರು ಮಣೆಯ ವಜೀರನಿಗಾಗಿ ಕತ್ತಿ ಹಿರಿದು ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ನಮ್ಮ ಕಾಲಕ್ಕೂ ಆ ಕತೆ ಸಲ್ಲುತ್ತದೆ. ಕಣ್ಣೆದುರಿನ ಊರು, ಶಾಲೆ, ಕೆಲಸ ಕೈತಪ್ಪುತ್ತಿರುವಾಗ ಹಳೆಯ ರಾಜರ ಮಾನಕ್ಕಾಗಿ ಕತ್ತಿ ಹಿರಿಯುವವರು ಎಲ್ಲ ಕಡೆಯೂ ಇದ್ದಾರೆ.

ಭಾನುವಾರ ಸಂಜೆ ಪಂದ್ಯ ಮುಗಿಯಿತು. ಮೂರಕ್ಕೆ ಮೂರೂ ಆಟ ಗೆದ್ದು ಮಾಸ್ಟ್ರು ಹಪ್ಪಳ ತಿಂದರು. ಹ್ಯಾನಿಬಲ್‌ನ ಆನೆಗಳನ್ನು ಅವರು ಅಂಚಿನಲ್ಲಿಟ್ಟು, ಬೆನ್ನ ಹಿಂದೆ ಜಾಗ ಖಾಲಿ ಬಿಟ್ಟಿದ್ದರು. ಅಣ್ಣನ ಮಾತನ್ನು ಅವರು ಕೇಳಿದ್ದರು, ನಾವು ಕೇಳಿರಲಿಲ್ಲ.

ಚಾ ತಂದ ಅಕ್ಕ ಬಟ್ಟೆಯ ಅಂಚಿನಲ್ಲಿದ್ದ ಡಬ್ಬಿಯ ಮುಚ್ಚಳವನ್ನು ನೋಡಿ ಕೇಳಿದಳು: 'ಇವರೆಲ್ಲ ಯಾರು? ಯಾಕೆ ಬೇರೆ ಇಟ್ಟಿದ್ದೀರಿ?'

'ಸತ್ತವರು ಅಮ್ಮಿ' ಎಂದ ದೊಡ್ಡ ಮಗ.

ಅಕ್ಕ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. 'ಹೇಗೆ ಸತ್ತರು?' ಎಂದಳು. ಮಗ ಒಂದೊಂದೇ ಬಿಲ್ಲೆಯನ್ನು ಎತ್ತಿ, ಇದು ಇಲ್ಲಿ ನಿಂತಿತ್ತು, ಅದು ಅಲ್ಲಿಂದ ಬಂತು ಎಂದು ತೋರಿಸತೊಡಗಿದ.

ನಮಗೆ ಫಿರ್ದೌಸಿಯ 'ಶಾಹ್‌ನಾಮಾ' ನೆನಪಾಯಿತು. 1010ರಲ್ಲಿ ಮುಗಿದ ಆ ಮಹಾಕಾವ್ಯದಲ್ಲಿ ಹಿಂದೂಸ್ತಾನದ ಒಬ್ಬ ರಾಣಿಯ ಕತೆಯಿದೆ. ಅವಳ ಇಬ್ಬರು ಗಂಡುಮಕ್ಕಳು, ಗವ್ ಮತ್ತು ತಲ್ಹಂದ್, ಸಿಂಹಾಸನಕ್ಕಾಗಿ ಯುದ್ಧಕ್ಕೆ ನಿಂತರು. ತಲ್ಹಂದ್ ಆನೆಯ ಮೇಲೆ ಕುಳಿತಲ್ಲೇ ಸತ್ತ. ಅಣ್ಣನೇ ತಮ್ಮನನ್ನು ಕೊಂದನೆಂದು ತಾಯಿ ಗೋಳಾಡಿದಳು. ನಾನು ಕೊಲ್ಲಲಿಲ್ಲ, ಸುತ್ತ ದಾರಿ ಮುಚ್ಚಿಹೋಗಿ ಅವನು ಸತ್ತ ಎಂದು ತೋರಿಸಲು ಗವ್ ಪಂಡಿತರನ್ನು ಕರೆಸಿದ. ಅವರು ಮರದ ಮಣೆ ಮಾಡಿ, ಎರಡು ಸೈನ್ಯ ಹೂಡಿ, ನಡೆ ನಡೆಯಾಗಿ ಆ ಯುದ್ಧವನ್ನು ಅವಳ ಮುಂದೆ ಆಡಿ ತೋರಿಸಿದರು. ಶತ್ರಂಜ್ ಹುಟ್ಟಿದ್ದು ಹೀಗೆ ಎನ್ನುತ್ತಾನೆ ಫಿರ್ದೌಸಿ. ಇದು ಚರಿತ್ರೆಯಲ್ಲ, ಕತೆ. ಆ ರಾಣಿ ಮಣೆಯ ಮುಂದೆ ಕುಳಿತು ಹಗಲು ರಾತ್ರಿ ಅದನ್ನೇ ನೋಡುತ್ತಾ ಕಣ್ಣೀರಿನಲ್ಲೇ ದಿನ ಕಳೆದಳು. ಯಾರು ಗೆದ್ದರು ಎಂದು ಅವಳು ಕೇಳಲಿಲ್ಲ. ಮಗ ಹೇಗೆ ಸತ್ತ ಎಂದು ಮಾತ್ರ ಅವಳಿಗೆ ತಿಳಿಯಬೇಕಿತ್ತು.

ಅಕ್ಕನಿಗೆ ಈ ಕತೆ ಗೊತ್ತಿರಲಿಲ್ಲ. ನಾವೂ ಆಗ ಹೇಳಲಿಲ್ಲ.

ಮಗ್ರಿಬ್ ಹೊತ್ತಾಯಿತು. ಚಿಕ್ಕ ಹುಡುಗ ಸೈನಿಕರನ್ನು ಡಬ್ಬಿಗಳಿಗೆ ತುಂಬುತ್ತಿದ್ದ. ಒಂದು ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನಿಂತ. ಬಿಳಿ ಪಂಚೆ, ಆಳೆತ್ತರದ ಬಿಲ್ಲು. ತಕ್ಷಶಿಲೆಯವರೋ ಪೋರಸ್‌ನವರೋ ತಿಳಿಯುವಂತಿರಲಿಲ್ಲ. ಇಬ್ಬರಿಗೂ ಅವನ ಅಣ್ಣ ಒಂದೇ ಬಣ್ಣ ಹಚ್ಚಿದ್ದ.

'ಭಯ್ಯಾ, ಇವರು ಯಾವ ಡಬ್ಬಿಗೆ?'

'ಯಾವುದಕ್ಕಾದರೂ ಹಾಕು' ಎಂದ ದೊಡ್ಡವನು, ವುಜೂ ಮಾಡಲು ಏಳುತ್ತಾ. 'ಎರಡೂ ನಮ್ಮವೇ.'